ಹೆರಿಗೆಯ ನಂತರ ಮೈಗೆ ಮತ್ತೆ ಬಲ: ಮೊದಲ ದಿನದಿಂದ ಒಂದು ವರ್ಷದವರೆಗೆ ಹೆಜ್ಜೆ ಹೆಜ್ಜೆಯಾಗಿ

ಮೊದಲ ಮಗ ಹುಟ್ಟಿ ಎರಡು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ಅವ್ವನಿಗೆ ಜ್ವರ. ಹಾಗಾಗಿ ನಾನೇ ರೊಟ್ಟಿ ಬಡಿಯಲು ಕುಳಿತೆ. ಮೂರನೆಯ ರೊಟ್ಟಿಗೇ ನಡು ಹಿಡಿದುಕೊಂಡಿತು. ಐದನೆಯದನ್ನು ಹಂಚಿಗೆ ಹಾಕುವಾಗ ಪಕ್ಕದ ಒಲೆಯ ಒಗ್ಗರಣೆ ಘಾಟಿಗೆ ಕೆಮ್ಮು ಬಂತು. ಕೆಮ್ಮಿದ ಕೂಡಲೇ ನೈಟಿ ಒದ್ದೆಯಾಯಿತು. ಎದ್ದು ಹೋಗಿ ಬಟ್ಟೆ ಬದಲಿಸಿ ಬಂದು ಉಳಿದ ರೊಟ್ಟಿ ಬಡಿದೆ. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ?

ಅದನ್ನು ಜಾಸ್ತಿ ಮಾಡಿಕೊಂಡವಳು ನಾನೇ. ಸಿಸೇರಿಯನ್ ಆಗಿ ಐದನೆಯ ವಾರಕ್ಕೇ ಫೋನಿನಲ್ಲಿ ವಿಡಿಯೊ ನೋಡಿ ದಿನಕ್ಕೆ ಐವತ್ತು ಸಿಟ್-ಅಪ್, ಅಂದರೆ ಅಂಗಾತ ಮಲಗಿ ನೇರ ಎದ್ದು ಕೂರುವುದು, ಶುರು ಮಾಡಿದ್ದೆ. ಹೊಟ್ಟೆ ಬೇಗ ಇಳಿಯಬೇಕು, ಮದುವೆಯಲ್ಲಿ ಹೊಲಿಸಿದ ಬ್ಲೌಸ್ ಮತ್ತೆ ಹಿಡಿಸಬೇಕು ಎಂಬ ಹಟ. ಆರು ತಿಂಗಳಾದ ಮೇಲೆ ಕೊನೆಗೂ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಒಂದೇ ಒಂದು ಸಿಟ್-ಅಪ್ ಮಾಡಿಸಲಿಲ್ಲ. ಅಂಗಾತ ಮಲಗಿಸಿ ಬರೀ ಉಸಿರಾಡಿಸಿದರು. ಎರಡನೆಯ ಸಲ ಮಗಳು ಹುಟ್ಟಿದಾಗ ಎಲ್ಲವನ್ನೂ ತಿರುವು ಹಾಕಿದೆ. ಆಸ್ಪತ್ರೆಯ ಮಂಚದ ಮೇಲೇ ಉಸಿರಿನಿಂದ ಶುರು ಮಾಡಿದೆ. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಎರಡು ಸಿಸೇರಿಯನ್ ಕಂಡ ತಾಯಿ. ನಿಮ್ಮ ಹೆರಿಗೆಯಲ್ಲಿ ಏನಾದರೂ ತೊಡಕಾಗಿದ್ದರೆ ನಿಮ್ಮ ಡಾಕ್ಟರ ಮಾತೇ ಮೊದಲು.

ಮೈಗೆ ಏನಾಗಿದೆ ಎಂದು ಮೊದಲು ತಿಳಿಯಿರಿ

ಹೆರಿಗೆಯಾದ ದಿನ ಗರ್ಭಕೋಶ ಸುಮಾರು 1 ಕೆಜಿ ತೂಗುತ್ತದೆ. ಆರು ವಾರದಲ್ಲಿ ಅದು 100 ಗ್ರಾಂಗಿಂತ ಕಡಿಮೆಯಾಗುತ್ತದೆ. ಇಷ್ಟು ದೊಡ್ಡ ಕೆಲಸ ಒಳಗೆ ತಾನಾಗಿಯೇ ನಡೆದಿರುತ್ತದೆ. ಹೊಟ್ಟೆಯ ಮುಂಭಾಗದಲ್ಲಿ ಮೇಲಿಂದ ಕೆಳಗೆ ಎರಡು ಪಟ್ಟಿ ಸ್ನಾಯುಗಳಿವೆ. ಕೂಸು ಬೆಳೆದಂತೆ ಅವು ನಡುವೆ ಅಗಲಿರುತ್ತವೆ. ಇನ್ನು ತಳದಲ್ಲಿ, ಮೂತ್ರಚೀಲ, ಗರ್ಭಕೋಶ, ಕರುಳು ಎಲ್ಲವನ್ನೂ ಕೆಳಗಿನಿಂದ ಹೊತ್ತು ನಿಂತ ಸ್ನಾಯುಗಳಿವೆ. ಡಾಕ್ಟರು ಅದಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನಾನು ಅದನ್ನು ನವಾರ ಎಂದೇ ಕರೆಯುತ್ತೇನೆ.

ನಮ್ಮ ಕಲಬುರಗಿ ಕಡೆ ಹೊರಸಿಗೆ ಹೆಣೆಯುವ ಅಗಲ ಪಟ್ಟಿ, ನವಾರ, ನೋಡಿದ್ದೀರಲ್ಲಾ? ಅದು ಸಡಿಲಾದರೆ ಮೇಲೆ ಎಷ್ಟು ದಪ್ಪ ಗಾದಿ ಹಾಸಿದರೂ ಕುಳಿತ ಕೂಡಲೇ ಕುಸಿಯುತ್ತದೆ. ಮೊದಲು ನವಾರ ಬಿಗಿ ಮಾಡಬೇಕು, ಆಮೇಲೆ ಗಾದಿ. ಒಂಬತ್ತು ತಿಂಗಳು ಭಾರ ಹೊತ್ತ ನವಾರ ಅದು. ಸಿಸೇರಿಯನ್ ಆದವರಿಗೂ ಸಡಿಲಾಗಿರುತ್ತದೆ. ಸಡಿಲ ನವಾರದ ಮೇಲೆ ಸಿಟ್-ಅಪ್ ಮಾಡಿದರೆ ಹೊಟ್ಟೆಯ ಒತ್ತಡವೆಲ್ಲ ಕೆಳಗೇ ಬೀಳುತ್ತದೆ. ನನಗೆ ಆದದ್ದು ಅದೇ.

ಹಾಗಾಗಿ ತೂಕದ ಯೋಚನೆಯನ್ನು ಮೂರು ತಿಂಗಳು ಪಕ್ಕಕ್ಕಿಡಿ. ತಕ್ಕಡಿ ಇದ್ದರೆ ಅಟ್ಟಕ್ಕೆ ಹಾಕಿ.

ಈ ಲಕ್ಷಣಗಳು ಕಂಡರೆ ವ್ಯಾಯಾಮ ಬಿಡಿ, ಆಸ್ಪತ್ರೆಗೆ ಹೋಗಿ

ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ. ಜ್ವರ, ಚಳಿ. ಸ್ರಾವ ದುರ್ವಾಸನೆ ಬರುವುದು. ಹೊಲಿಗೆ ಕೆಂಪಾಗಿ ಬಿಸಿಯಾಗುವುದು ಅಥವಾ ಕೀವು. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಫಿಟ್ಸ್. ಎದೆ ನೋವು, ಉಸಿರು ಕಟ್ಟುವುದು. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು. ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕಾಲು ಊದಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಜಾಗ ಬಿಟ್ಟು ಎದೆಗೆ ಹೋಗಬಹುದು.

ಮೊದಲ ವಾರ: ಉಸಿರು ಮತ್ತು ನವಾರ

ಇದನ್ನು ಮಲಗಿದಲ್ಲೇ ಮಾಡಬಹುದು. ಸಹಜ ಹೆರಿಗೆಯಾದವರು ಮರುದಿನದಿಂದ, ಸಿಸೇರಿಯನ್ ಆದವರು ಮೂತ್ರದ ಪೈಪ್ ತೆಗೆದ ಮೇಲೆ.

ಅಂಗಾತ ಮಲಗಿ ಮೊಣಕಾಲು ಮಡಿಸಿ, ಪಾದ ಹಾಸಿಗೆಗೆ ಊರಿ. ಒಂದು ಕೈ ಪಕ್ಕೆಲುಬಿನ ಮೇಲೆ, ಇನ್ನೊಂದು ಹೊಕ್ಕುಳ ಕೆಳಗೆ. ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಿರಿ. ಹೊಟ್ಟೆ, ಪಕ್ಕೆ ಎರಡೂ ಅರಳಬೇಕು. ಬಾಯಿಂದ, ಬಿಸಿ ಹಾಲು ಆರಿಸುವ ಹಾಗೆ ಊದುತ್ತಾ ಉಸಿರು ಬಿಡಿ. ಬಿಡುವಾಗ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ. ಐದಾರು ಸಲ ಸಾಕು. ಹೊಲಿಗೆ ಎಳೆಯುತ್ತಿದೆ ಅನಿಸಿದರೆ ಅದರ ಮೇಲೆ ಒಂದು ಸಣ್ಣ ದಿಂಬು ಒತ್ತಿ ಹಿಡಿಯಿರಿ. ಕೆಮ್ಮುವಾಗ, ನಗುವಾಗ ಕೂಡ ಹಾಗೇ ಹಿಡಿಯಿರಿ.

ಎರಡು ದಿನ ಕಳೆದ ಮೇಲೆ ಇದಕ್ಕೆ ನವಾರ ಸೇರಿಸಿ. ನಾಲ್ಕು ಜನರ ನಡುವೆ ಕುಳಿತಾಗ ಗಾಳಿ ಬಿಡದಂತೆ ಬಿಗಿ ಹಿಡಿಯುತ್ತೇವಲ್ಲ, ಹಾಗೆ ಹಿಂದಿನಿಂದ ಬಿಗಿ ಮಾಡಿ. ಮೂತ್ರ ತಡೆಯುವ ಹಾಗೆ ಮುಂದಿನಿಂದಲೂ ಬಿಗಿ ಮಾಡಿ. ಎರಡನ್ನೂ ಸೇರಿಸಿ ಒಳಕ್ಕೆ, ಮೇಲಕ್ಕೆ ಎಳೆಯಿರಿ. ಉಸಿರು ಬಿಡುವಾಗ ಎಳೆಯಬೇಕು, ಉಸಿರು ತೆಗೆದುಕೊಳ್ಳುವಾಗ ಸಡಿಲ ಬಿಡಬೇಕು. ಸಡಿಲ ಬಿಡುವುದೂ ಬಿಗಿ ಮಾಡಿದಷ್ಟೇ ಮುಖ್ಯ. ಶುರುವಿನಲ್ಲಿ 3 ಸೆಕೆಂಡ್ ಹಿಡಿದರೆ ಸಾಕು. ವಾರ ವಾರಕ್ಕೆ ಏರಿಸುತ್ತಾ 10 ಸೆಕೆಂಡಿಗೆ ಬನ್ನಿ. ಹತ್ತು ಸಲಕ್ಕೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ತೊಡೆ, ಅಂಡು ಬಿಗಿಯಾದರೆ, ಉಸಿರು ನಿಂತರೆ ತಪ್ಪಾಗುತ್ತಿದೆ ಎಂದರ್ಥ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ, ಅದರಿಂದ ಮೂತ್ರಚೀಲ ಪೂರ್ತಿ ಖಾಲಿಯಾಗದೆ ಸೋಂಕಾಗಬಹುದು.

ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ. ನನಗೆ ಒಳಗೆ ಏನೋ ಎದ್ದಂತೆ ಅನಿಸಿದ್ದು ಹನ್ನೆರಡನೆಯ ದಿನಕ್ಕೆ. ಅಲ್ಲಿಯವರೆಗೆ ಸುಮ್ನೆ ನಂಬಿ ಮಾಡಿದೆ.

ಅಭ್ಯಾಸ ಮರೆಯದಂತೆ ಇಡುವುದು ಹೇಗೆ? ಬಾಣಂತಿಗೆ ಗಡಿಯಾರ ಇರುವುದಿಲ್ಲ. ಬೆಳಿಗ್ಗೆ 6ಕ್ಕೆ ಮಾಡುತ್ತೇನೆ ಎಂದುಕೊಂಡರೆ ಅದು ನಡೆಯುವುದಿಲ್ಲ. ಆದರೆ ಕೂಸು ದಿನಕ್ಕೆ ಎಂಟು ಹತ್ತು ಸಲ ಹಾಲು ಕುಡಿದೇ ಕುಡಿಯುತ್ತದೆ. ಅದನ್ನೇ ಗಡಿಯಾರ ಮಾಡಿಕೊಳ್ಳಿ. ಕೂಸು ಎದೆಗೆ ಬಾಯಿ ಹಚ್ಚಿದ ಕೂಡಲೇ ಮೊದಲು ಒಂದು ಲೋಟ ನೀರು, ಆಮೇಲೆ ನವಾರದ ಒಂದು ಸುತ್ತು. ನಾನು ಹಾಲೂಡುವ ಜಾಗದಲ್ಲೇ ನೀರಿನ ತಂಬಿಗೆ ಇಟ್ಟಿದ್ದೆ. ಕೂಸು ಅತ್ತಾಗ ತಂಬಿಗೆ ಕಣ್ಣಿಗೆ ಬೀಳುತ್ತಿತ್ತು, ತಂಬಿಗೆ ನೋಡಿದರೆ ನವಾರ ನೆನಪಾಗುತ್ತಿತ್ತು.

ಏಳುವುದು, ಕೂರುವುದು, ಎತ್ತುವುದು

ಮಲಗಿದ್ದವರು ನೇರ ಎದ್ದು ಕೂರಬೇಡಿ. ಅದೂ ಒಂದು ಸಿಟ್-ಅಪ್ಪೇ ಅಲ್ವಾ? ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಎದ್ದೇಳಿ. ಹಾಲೂಡುವಾಗ ಬೆನ್ನು ಗೋಡೆಗೆ ಆನಿಸಿ. ತೊಡೆಯ ಮೇಲೆ ದಿಂಬಿಟ್ಟು ಕೂಸನ್ನು ಎದೆಯ ಎತ್ತರಕ್ಕೆ ತನ್ನಿ. ನೀವು ಬಾಗಬೇಡಿ. ಕೂಸನ್ನು ಎತ್ತುವಾಗ ಅದರ ಕಂಕುಳಿಗೆ ಹೆಬ್ಬೆರಳು ಸಿಕ್ಕಿಸಿ ಎತ್ತುವ ರೂಢಿ ಇದ್ದರೆ ಬಿಡಿ, ಮಣಿಕಟ್ಟಿನ ನೋವು ಬರುವುದೇ ಅದರಿಂದ. ಅಂಗೈ ಕೆಳಗೆ ಹಾಕಿ, ಉಸಿರು ಬಿಡುತ್ತಾ ಎತ್ತಿ. ಸಿಸೇರಿಯನ್ ಆದವರು ಆರು ವಾರ ಕೂಸಿಗಿಂತ ಭಾರವಾದ ಏನನ್ನೂ ಎತ್ತಬಾರದು. ನೀರಿನ ಕೊಡ ಅಂತೂ ಬೇಡವೇ ಬೇಡ. ನಮ್ಮಲ್ಲಿ ನಳ ಬಂದ ಕೂಡಲೇ ಮನೆಯವರೆಲ್ಲ ಕೊಡ ಹಿಡಿದು ಓಡುತ್ತೇವೆ. ಆಗ ಕೂತಲ್ಲೇ ಕೂರುವುದು ಕಷ್ಟ, ಆದರೂ ಕೂರಿ.

ಮಲಬದ್ಧತೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನವಾರಕ್ಕೆ ಅದೇ ದೊಡ್ಡ ವೈರಿ. ಕಮೋಡ್ ಇದ್ದರೆ ಪಾದದ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ತಿಣುಕಬೇಡಿ. ಉಸಿರು ಬಿಡುತ್ತಾ ಕುಳಿತುಕೊಳ್ಳಿ. ಮೂರು ದಿನವಾದರೂ ಆಗದಿದ್ದರೆ ಡಾಕ್ಟರಿಗೆ ಹೇಳಿ ಔಷಧ ತೆಗೆದುಕೊಳ್ಳಿ.

ಊಟ ಮತ್ತು ನೀರು

“ನೀರ ಭಾಳ ಕುಡೀಬ್ಯಾಡವ್ವಾ, ಹೊಟ್ಟಿ ಬರ್ತದ.” ನಮ್ಮ ಕಡೆ ಈ ಮಾತು ಕೇಳದ ಬಾಣಂತಿ ಇಲ್ಲ. ನನ್ನ ಅವ್ವನೂ ಹೇಳಿದಳು, ಅವಳ ಅವ್ವ ಅವಳಿಗೆ ಹೇಳಿದ್ದಳು. ನೀರು ಕುಡಿದರೆ ಹೊಟ್ಟೆ ಬರುವುದಿಲ್ಲ. ಕುಡಿಯದಿದ್ದರೆ ಮಲಬದ್ಧತೆ, ಉರಿಮೂತ್ರ, ತಲೆನೋವು ಬರುತ್ತವೆ. ನನ್ನ ಮಗಳು ಹುಟ್ಟಿದ್ದು ಏಪ್ರಿಲ್‌ನಲ್ಲಿ. ಕಲಬುರಗಿಯ ಏಪ್ರಿಲ್, ಮೇ ಅಂದರೆ 42 ಡಿಗ್ರಿ ಬಿಸಿಲು ಸಾಮಾನ್ಯ. ಅದರಲ್ಲಿ ಕಿವಿಗೆ ಹತ್ತಿ, ತಲೆಗೆ ಶಾಲು, ಕಿಟಕಿ ಮುಚ್ಚಿದ ಕೋಣೆ, ಕುಡಿಯಲು ಮಾತ್ರ ಅರ್ಧ ಲೋಟ ನೀರು. ಅವ್ವನ ಜೊತೆ ವಾದ ಮಾಡಲಿಲ್ಲ. ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರು ಕೇಳಿದೆ. ಅದು ಔಷಧವೆಂದು ಅವಳೇ ತಂಬಿಗೆ ತುಂಬಿ ಇಟ್ಟಳು. ದಿನಕ್ಕೆ ಸುಮಾರು 3 ಲೀಟರ್ ನೀರು ಬೇಕಾಗುತ್ತದೆ. ಎಣಿಸುವ ಗೊಡವೆ ಬೇಡ, ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕು.

ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ, ಆಮೇಲಿನ ಆರು ತಿಂಗಳು ಸುಮಾರು 520 ಕ್ಯಾಲರಿ ಜಾಸ್ತಿ ಬೇಕೆಂದು ನಮ್ಮ ದೇಶದ ಪೋಷಣೆ ಸಂಸ್ಥೆಯ ಲೆಕ್ಕವಿದೆ. ಈ ಸಮಯದಲ್ಲಿ ಊಟ ಬಿಟ್ಟು ಡಯಟ್ ಮಾಡುವುದು ಸರಿಯಲ್ಲ. ಆದರೆ 600 ಎಂದರೆ ಎಷ್ಟು ಎಂಬುದನ್ನೂ ತಿಳಿಯಬೇಕು. ಅಂಟಿನ ಉಂಡೆ ತೆಗೆದುಕೊಳ್ಳಿ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆ, ಬೆಲ್ಲ, ಮೇಲೆ ತುಪ್ಪ. ನಿಂಬೆಹಣ್ಣಿನ ಗಾತ್ರಕ್ಕಿಂತ ಸ್ವಲ್ಪ ದೊಡ್ಡ, 40 ಗ್ರಾಂನ ಒಂದು ಉಂಡೆಗೆ ಹತ್ತಿರ ಹತ್ತಿರ 200 ಕ್ಯಾಲರಿ. ಬೆಳಿಗ್ಗೆ ಎರಡು, ಸಂಜೆ ಎರಡು, ನಡುವೆ ತುಪ್ಪ ಸುರಿದ ಅಳ್ವಿ ಪಾಯಸ ಅಂದರೆ ಲೆಕ್ಕ ದಾಟಿಹೋಯಿತು. ಉಂಡೆ ಕೆಟ್ಟದ್ದಲ್ಲ. ದಿನಕ್ಕೆ ಒಂದು ತಿನ್ನಿ, ಪ್ರೀತಿಯಿಂದ ತಿನ್ನಿ. ಉಳಿದದ್ದು ಊಟದಿಂದ ಬರಲಿ.

ಊಟಕ್ಕೆ ನಾವು ಬೇರೆ ಊರಿನವರನ್ನು ಕೇಳಬೇಕಿಲ್ಲ. ಜೋಳದ ರೊಟ್ಟಿ, ಜೊತೆಗೆ ಗಟ್ಟಿಯಾಗಿ ಬೇಯಿಸಿದ ತೊಗರಿಬೇಳೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅದೂ ದೇಶಕ್ಕೆಲ್ಲ ಬೇಳೆ ಕೊಡುವ ನಮ್ಮ ನೆಲದಲ್ಲೇ ಬಾಣಂತಿಗೆ ಬೇಳೆ ವಾಯು ಎಂದು ತಿಂಗಳುಗಟ್ಟಲೆ ಬರೀ ತುಪ್ಪ, ರೊಟ್ಟಿ, ಬೆಳ್ಳುಳ್ಳಿ ಖಾರ ಕೊಡುವ ಮನೆಗಳಿವೆ. ಹೊಲಿಗೆ ಒಣಗಲು, ಸ್ನಾಯು ಗಟ್ಟಿಯಾಗಲು, ಹಾಲು ಇಳಿಯಲು ಪ್ರೋಟೀನ್ ಬೇಕೇ ಬೇಕು. ಹೊಟ್ಟೆ ಉಬ್ಬರದ ಭಯವಿದ್ದರೆ ಮೊದಲ ವಾರ ಹೆಸರುಬೇಳೆಯಿಂದ ಶುರು ಮಾಡಿ, ಇಂಗು, ಜೀರಿಗೆ ಹಾಕಿ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ 6 ಗ್ರಾಂ ಪ್ರೋಟೀನ್. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಡಕೆ ಕಾಳಿನ ಪಲ್ಯ, ಮೊಸರು ಎಲ್ಲವೂ ಒಳ್ಳೆಯವು. ಸಬ್ಬಸಿಗೆ, ಮೆಂತ್ಯ, ರಾಜಗಿರಿ, ಪುಂಡಿಪಲ್ಯ ಇವುಗಳಲ್ಲಿ ಒಂದು ಸೊಪ್ಪು ದಿನಾ ಇರಲಿ.

ಕೆಂಪು ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಮಾತ್ರೆಯೂ ಆರು ತಿಂಗಳು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಜೊತೆ ಚಹಾ ಕೂಡ ಬೇಡ, ಒಂದು ಗಂಟೆ ಅಂತರವಿರಲಿ. ಬದಲಿಗೆ ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಳ್ಳಿ. ಎಷ್ಟೋ ಜನರ ‘ಬಾಣಂತಿ ಸುಸ್ತು’ ನಿಜಕ್ಕೂ ರಕ್ತ ಕಡಿಮೆಯಾದ ಸುಸ್ತು. ಅಂಗನವಾಡಿಯಲ್ಲಿ ಹೆಸರು ಬರೆಸಿದ್ದರೆ ಮಾತೃಪೂರ್ಣ ಯೋಜನೆಯ ಊಟ ಹೆರಿಗೆಯ ನಂತರ ಆರು ತಿಂಗಳವರೆಗೆ ಸಿಗುತ್ತದೆ. ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸೇರಿದ ಊಟ ಅದು. ನಾಚಿಕೆ ಪಡದೆ ವಿಚಾರಿಸಿ.

ಕಟ್ಟು, ಶೇಕ, ಎಣ್ಣೆ

ಹೊಟ್ಟೆಗೆ ಸೀರೆ ಕಟ್ಟುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಗುರವಾಗಿ, ಬೆನ್ನಿಗೆ ಆಸರೆಯಾಗುವಷ್ಟು ಕಟ್ಟಿದರೆ ಓಡಾಡಲು ಹಿತ. ಉಸಿರು ಬಿಗಿಯುವಷ್ಟು ಕಟ್ಟಿದರೆ ಒತ್ತಡ ಕೆಳಗಿಳಿದು ನವಾರ ಇನ್ನೂ ಸಡಿಲಾಗುತ್ತದೆ. ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಟ್ಟಿನಿಂದ ಹೊಟ್ಟೆ ಕರಗುವುದಿಲ್ಲ.

ಬಾಗಿಲು, ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಟ್ಟು ಶೇಕ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಇದ್ದಿಲಿನ ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ವಿಷಗಾಳಿ ಇರುತ್ತದೆ. ತಾಯಿಗೂ ಕೂಸಿಗೂ ಜೀವಕ್ಕೆ ಅಪಾಯ. ನಡುವಿಗೆ ಶಾಖ ಬೇಕೆಂದರೆ ಬಿಸಿನೀರಿನ ರಬ್ಬರ್ ಚೀಲ ಸಾಕು. ಕೈ ಕಾಲು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಅದರ ಸುಖವೇ ಬೇರೆ. ಸಿಸೇರಿಯನ್ ಆದವರ ಹೊಟ್ಟೆ ಮಾತ್ರ ಒತ್ತಿಸಬಾರದು. ಹೊಲಿಗೆಯ ಮೇಲೆ ಎಣ್ಣೆ, ಅರಿಸಿನ ಬೇಡ, ಒಣಗಿ ಇರಲಿ.

ಎರಡರಿಂದ ಆರನೆಯ ವಾರ: ಫರಸಿ ಎಣಿಸಿ ನಡೆಯಿರಿ

ನಮ್ಮ ಮನೆಯ ಪಡಸಾಲೆಗೆ ಶಹಾಬಾದಿ ಫರಸಿ. ಉದ್ದಕ್ಕೆ ಒಂಬತ್ತು ಕಲ್ಲು. ಎರಡನೆಯ ವಾರ ಹೋಗಿ ಬಂದು ಹದಿನೆಂಟು, ಅಂಥ ಹತ್ತು ಸುತ್ತು. ಅಷ್ಟಕ್ಕೆ ಐದು ನಿಮಿಷ ಹಿಡಿಯುತ್ತಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೂರನೆಯ ವಾರಕ್ಕೆ ಹತ್ತು ನಿಮಿಷ. ಆರನೆಯ ವಾರಕ್ಕೆ ಅಂಗಳ, ಓಣಿ ಸೇರಿ ಇಪ್ಪತ್ತು ನಿಮಿಷ.

ಹೆಚ್ಚಾಯಿತೋ ಎಂದು ತಿಳಿಯಲು ಮೈಯೇ ಒಂದು ಸೂಚನೆ ಕೊಡುತ್ತದೆ. ಹೆರಿಗೆಯ ಸ್ರಾವ ನಾಲ್ಕರಿಂದ ಆರು ವಾರ ಇರುತ್ತದೆ. ಕೆಂಪಿನಿಂದ ಕಂದು, ಆಮೇಲೆ ಬಿಳಿ ಆಗುತ್ತಾ ಹೋಗುತ್ತದೆ. ಕಡಿಮೆಯಾಗಿದ್ದದ್ದು ನಡೆದ ಮರುದಿನ ಮತ್ತೆ ಕೆಂಪಾಗಿ ಜಾಸ್ತಿಯಾದರೆ ಎರಡು ದಿನ ವಿಶ್ರಾಂತಿ, ಆಮೇಲೆ ಅರ್ಧದಷ್ಟು ನಡಿಗೆ.

ಇದೇ ಫರಸಿ ಇನ್ನೊಂದು ಕೆಲಸಕ್ಕೂ ಬಂತು. ಚಾಪೆ ಹಾಸಿ ಅಂಗಾತ ಮಲಗಿ, ಪಾದ ಮಾತ್ರ ಚಾಪೆಯಾಚೆ ಕಲ್ಲಿನ ಮೇಲೆ. ಕಾಲಿಗೆ ಸಾಕ್ಸ್. ಉಸಿರು ಬಿಡುತ್ತಾ ಒಂದು ಹಿಮ್ಮಡಿಯನ್ನು ನಿಧಾನಕ್ಕೆ ಮುಂದಕ್ಕೆ ಜಾರಿಸಿ, ಉಸಿರು ತೆಗೆದುಕೊಳ್ಳುತ್ತಾ ವಾಪಸ್ ತನ್ನಿ. ಒಂದೊಂದು ಕಾಲಿಗೆ ಎಂಟು ಸಲ. ನುಣುಪು ಕಲ್ಲಿನ ಮೇಲೆ ಹಿಮ್ಮಡಿ ಸದ್ದಿಲ್ಲದೆ ಜಾರುತ್ತದೆ. ಹೊಕ್ಕುಳ ಕೆಳಗೆ ಬೆರಳಿಟ್ಟು ನೋಡಿ, ಒಳಗಿನ ಸ್ನಾಯು ಮೆಲ್ಲಗೆ ಬಿಗಿಯಾಗುವುದು ತಿಳಿಯುತ್ತದೆ. ಇದರ ಜೊತೆ ನಡುವನ್ನು ನೆಲಕ್ಕೆ ಒತ್ತಿ ಬಿಡುವುದನ್ನು ಹತ್ತು ಸಲ ಮಾಡಿ. ಹೊಲಿಗೆ ನೋಯುವವರು ಈ ಎರಡನ್ನೂ ಆರು ವಾರದ ನಂತರಕ್ಕೆ ಇಟ್ಟುಕೊಂಡರೂ ನಷ್ಟವಿಲ್ಲ.

ಆರನೆಯ ವಾರದ ತಪಾಸಣೆ

ಆಶಾ ಕಾರ್ಯಕರ್ತೆಯರು 42ನೆಯ ದಿನದವರೆಗೆ ಹಲವು ಸಲ ಮನೆಗೆ ಬರುತ್ತಾರೆ. ಕೂಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ನೀವು ನಿಮ್ಮ ಬಗ್ಗೆಯೂ ಹೇಳಿ. ಆರು ವಾರಕ್ಕೆ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಲೇಬೇಕು. ಕೂಸಿಗೆ ಅದೇ ವಾರ ಲಸಿಕೆ ಇರುತ್ತದೆ, ಒಂದೇ ಸಲಕ್ಕೆ ಎರಡೂ ಕೆಲಸ. ಬಿಪಿ, ರಕ್ತದ ಪ್ರಮಾಣ ನೋಡಿಸಿ. ಗರ್ಭಿಣಿಯಾಗಿದ್ದಾಗ ಸಕ್ಕರೆ ಇದ್ದವರು ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು 6ರಿಂದ 12 ವಾರದೊಳಗೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ನೋಡಿಸುತ್ತಿರಿ. ಸುಸ್ತು, ಎದೆಬಡಿತ, ಮೈ ನಡುಕ ಇದ್ದರೆ ಥೈರಾಯ್ಡ್ ಕೂಡ. ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು, ಹಾಗಾಗಿ ಅಂತರ ಇಡುವ ಉಪಾಯವನ್ನೂ ಅವತ್ತೇ ಕೇಳಿ.

ಮೂತ್ರ ಸೋರುತ್ತದೆ, ಕೆಳಗೆ ಏನೋ ಇಳಿದಂತೆ ಭಾರ ಅನಿಸುತ್ತದೆ, ಸೇರುವಾಗ ನೋವು. ಈ ಮೂರನ್ನು ನಾವು ಹೇಳುವುದೇ ಇಲ್ಲ. ಹೆತ್ತ ಮೇಲೆ ಹೀಗೇ ಎಂದು ಸುಮ್ಮನಾಗುತ್ತೇವೆ. ಇವಕ್ಕೆ ಚಿಕಿತ್ಸೆ ಇದೆ. ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ. ನಾನು ಹಾಗೇ ಮಾಡಿದ್ದು.

ಹೊಟ್ಟೆಯ ಅಗಲಿಕೆಯನ್ನು ಮನೆಯಲ್ಲೇ ನೋಡಬಹುದು. ಮೊಣಕಾಲು ಮಡಿಸಿ ಮಲಗಿ, ಹೊಕ್ಕುಳ ಹತ್ತಿರ ಬೆರಳುಗಳನ್ನು ಅಡ್ಡಲಾಗಿ ಇಟ್ಟು, ತಲೆಯನ್ನಷ್ಟೇ ಸ್ವಲ್ಪ ಎತ್ತಿ. ಎರಡು ಬದಿಯ ಗಟ್ಟಿ ಅಂಚುಗಳ ನಡುವೆ ಎಷ್ಟು ಬೆರಳು ಇಳಿಯುತ್ತವೆ? ಎರಡಕ್ಕಿಂತ ಜಾಸ್ತಿ ಇದ್ದರೆ, ಅಥವಾ ನಡುವೆ ಗುಡ್ಡದ ಹಾಗೆ ಉಬ್ಬಿದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅಲ್ಲಿಯವರೆಗೆ ಸಿಟ್-ಅಪ್ ಬೇಡ, ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿಯುವ ಪ್ಲ್ಯಾಂಕ್ ಕೂಡ ಬೇಡ.

ಆರರಿಂದ ಹನ್ನೆರಡನೆಯ ವಾರ

ಡಾಕ್ಟರು ಆಗಲಿ ಎಂದ ಮೇಲೆ ನಾಲ್ಕು ಚಲನೆ ಸಾಕು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಅಂಗೈ ಇಟ್ಟು ತಳ್ಳುವುದು. ಅಂಗಾತ ಮಲಗಿ ನಡುವನ್ನು ಸೇತುವೆಯಂತೆ ಎತ್ತುವುದು. ಒಂದು ಲೀಟರಿನ ನೀರಿನ ಬಾಟಲಿ ಹಿಡಿದು, ಸ್ವಲ್ಪ ಬಾಗಿ, ಮೊಣಕೈಯನ್ನು ಹಿಂದಕ್ಕೆ ಎಳೆಯುವುದು. ಹಾಲೂಡಿ ಹಾಲೂಡಿ ಮುಂದೆ ಬಾಗಿದ ಭುಜಕ್ಕೆ ಈ ಕೊನೆಯದು ಬಹಳ ಒಳ್ಳೆಯದು. ಎಲ್ಲವೂ ಎಂಟು ಎಂಟು ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ. ಕಷ್ಟದ ಭಾಗದಲ್ಲಿ ಉಸಿರು ಬಿಡಬೇಕು, ನವಾರ ಬಿಗಿಯಬೇಕು. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟೂ ಸಿಗದ ದಿನ ಕೂಸಿನ ಬಟ್ಟೆ ಒಣಹಾಕುವ ಮುಂಚೆ ಬರೀ ಎಂಟು ಸಲ ಕುರ್ಚಿಯಿಂದ ಏಳಿ. ಏನೂ ಮಾಡದಿರುವುದಕ್ಕಿಂತ ಅದು ಮೇಲು.

ನಡಿಗೆಯನ್ನು 30 ನಿಮಿಷಕ್ಕೆ ತನ್ನಿ. ವಾರಕ್ಕೆ ಐದು ದಿನ ನಡೆದರೆ 150 ನಿಮಿಷ. ದೊಡ್ಡವರಿಗೆ ಬೇಕಾದ ಕನಿಷ್ಠ ಚಟುವಟಿಕೆ ಅಷ್ಟೇ. ಬೇಸಿಗೆಯಲ್ಲಿ 7 ಗಂಟೆಯೊಳಗೆ ಮುಗಿಸಿ. ನಾನು ಕಲಬುರಗಿಯ ಅಪ್ಪನ ಕೆರೆಯ ದಂಡೆಗೆ ಹೋಗುತ್ತಿದ್ದೆ. ಪಬ್ಲಿಕ್ ಗಾರ್ಡನ್ ಹತ್ತಿರದವರಿಗೆ ಅದೇ ನೆರಳು. ಹೊರಡುವ ಮುಂಚೆ ಕೂಸಿಗೆ ಹಾಲೂಡಿ, ಎದೆ ಹಗುರವಾಗಿರುತ್ತದೆ. ನಡೆದರೆ ಹಾಲು ಕಡಿಮೆಯಾಗುತ್ತದೆ, ಹಾಲು ಹುಳಿಯಾಗುತ್ತದೆ ಎಂಬುದು ಸುಳ್ಳು.

ಮೂರು ತಿಂಗಳ ನಂತರ

ಓಟ, ಜಿಗಿತ, ಜಿಮ್ ಎಲ್ಲ ಇಲ್ಲಿಂದ ಮುಂದೆ. ಅದಕ್ಕೂ ಮುಂಚೆ ಒಂದು ಪರೀಕ್ಷೆ: ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡ್ ನಿಲ್ಲಿ, ನಿಂತಲ್ಲೇ ಹತ್ತು ಸಲ ಜಿಗಿಯಿರಿ, ಜೋರಾಗಿ ಕೆಮ್ಮಿ. ಸೋರಿಕೆ, ನೋವು, ಭಾರ ಇಲ್ಲದಿದ್ದರೆ ಓಟ ಶುರು ಮಾಡಬಹುದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನನ್ನ ಪರೀಕ್ಷೆ ನಮ್ಮ ಒಲೆಯ ಮುಂದೆ ನಡೆಯಿತು. ಮಗಳಿಗೆ ನಾಲ್ಕು ತಿಂಗಳಾದಾಗ ಇಪ್ಪತ್ತು ರೊಟ್ಟಿ ಬಡಿದು ಎದ್ದೆ. ನಡು ಹಿಡಿಯಲಿಲ್ಲ. ಘಾಟಿಗೆ ಕೆಮ್ಮು ಬಂತು, ಬಟ್ಟೆ ಒಣಗಿಯೇ ಇತ್ತು.

ಈಗ ತಕ್ಕಡಿ ಕೆಳಗಿಳಿಸಬಹುದು. ವಾರಕ್ಕೆ ಅರ್ಧ ಕೆಜಿಗಿಂತ ಬೇಗ ಇಳಿಸಬೇಡಿ. ಉಂಡೆ, ತುಪ್ಪ, ಸಕ್ಕರೆ ಚಹಾ ಕಡಿಮೆ ಮಾಡಿ, ಬೇಳೆ, ಕಾಳು, ಸೊಪ್ಪು ಹಾಗೇ ಇರಲಿ. ಒಂಬತ್ತು ತಿಂಗಳಲ್ಲಿ ಬಂದದ್ದು ಹೋಗಲು ಅಷ್ಟೇ ಸಮಯ ಬೇಡಿದರೆ ಅದರಲ್ಲಿ ತಪ್ಪೇನು? ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಹೆದರಬೇಡಿ, ವರ್ಷದೊಳಗೆ ತುಂಬಿಕೊಳ್ಳುತ್ತದೆ.

ನಿದ್ದೆ, ಮನಸ್ಸು

ಇದನ್ನು ಕೊನೆಗೆ ಬರೆದರೂ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದು. ನಿದ್ದೆ ಇಲ್ಲದ ಮೈ ವ್ಯಾಯಾಮದಿಂದ ಗಟ್ಟಿಯಾಗುವುದಿಲ್ಲ, ಸೋಲುತ್ತದೆ. ರಾತ್ರಿ ಹಾಲೂಡಿದ ಮೇಲೆ ಕೂಸನ್ನು ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ಗಂಡನಿಂದಲೂ ಆಗುತ್ತದೆ. ನಮ್ಮ ಮನೆಯವರು ರಾತ್ರಿ 9ರಿಂದ 1ರವರೆಗೆ ಕೂಸನ್ನು ನೋಡಿಕೊಂಡರು, ಹಾಲಿಗೆ ಮಾತ್ರ ನನ್ನ ಮಗ್ಗುಲಿಗೆ ತಂದು ಕೊಡುತ್ತಿದ್ದರು. ತವರಲ್ಲಿದ್ದರೆ ಅವ್ವನನ್ನೋ ತಂಗಿಯನ್ನೋ ಕೇಳಿ. ಕೂಸು ನೋಡಲು ಬರುವವರಿಗೆ ಸಂಜೆ ಒಂದು ಹೊತ್ತು ಗೊತ್ತು ಮಾಡಿ, ಮಧ್ಯಾಹ್ನದ ನಿದ್ದೆ ಬಿಟ್ಟುಕೊಡಬೇಡಿ.

ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸಿನ ಮೇಲೆ ಮನಸ್ಸೇ ಬಾರದಿದ್ದರೆ, ಕೂಸು ಮಲಗಿದರೂ ನಿದ್ದೆ ಹತ್ತದಿದ್ದರೆ ಅದು ಕಾಯಿಲೆ, ಸೊಕ್ಕಲ್ಲ, ದೃಷ್ಟಿಯೂ ಅಲ್ಲ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯಬೇಕು ಅಥವಾ ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಎಂಬ ಯೋಚನೆ ಬಂದರೆ ಬಾಣಂತಿಯನ್ನು ಒಂಟಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಸಾಲನ್ನು ಮನೆಯವರಿಗೆ ಓದಿಸಿ.

ಕೆಲಸಕ್ಕೆ ಮರಳುವಾಗ

ಕೆಲಸಕ್ಕೆ ಹೋಗಲು ಶುರು ಮಾಡಿದ ವಾರ ಎಲ್ಲ ಅಭ್ಯಾಸವೂ ತಪ್ಪುತ್ತದೆ. ಕೂಸಿಗೆ ಜ್ವರ ಬಂದಾಗ, ಊರ ಜಾತ್ರೆ, ಮದುವೆ ಇದ್ದಾಗಲೂ ತಪ್ಪುತ್ತದೆ. ಆಗ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನೀರು ಮತ್ತು ನವಾರ, ಎರಡನ್ನೇ ಉಳಿಸಿಕೊಳ್ಳಿ. ಎರಡು ವಾರ ಬಿಟ್ಟುಹೋಗಿದ್ದರೆ ಬಿಟ್ಟಲ್ಲಿಂದ ಹಿಡಿಯಬೇಡಿ, ಒಂದು ಹಂತ ಹಿಂದೆ ಬನ್ನಿ. ಕೂಸಿನ ಹಾಲಿನ ಗಡಿಯಾರ ಹೋದಾಗ ಹೊಸ ಗಡಿಯಾರ ಬೇಕು. ನನಗೆ ಅದು ಬಸ್ಸಾಯಿತು. ಬಸ್ಸಿಗೆ ಕಾಯುವಾಗ ನವಾರದ ಒಂದು ಸುತ್ತು, ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ಮನೆಯವರೆಗೆ ನಡಿಗೆ. ಎದೆ ತುಂಬಿ ಭಾರವಾಗಿದ್ದ ದಿನ ಮಾತ್ರ ನೇರ ಮನೆ ಹತ್ತಿರವೇ ಇಳಿಯುತ್ತಿದ್ದೆ, ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು.